ಕಾರಣ ಬರೆಯದೆ ಬದಲಾವಣೆ ಇಲ್ಲ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರ್ ಕೆಲಸ ಶುರು ಮಾಡಿದಾಗ ಸುದ್ದಿಯಾದದ್ದು ಅದರ ವೇಗ. 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ಅದಕ್ಕೂ ಮೊದಲು, 2015ರಲ್ಲಿ, ಅಲ್ಲಿಗೇ ಬಂದಿದ್ದ ‘ಸಹಸ್ರ-ಟಿ’ ಯಂತ್ರದಲ್ಲಿ ಲೆಕ್ಕ ಮಾಡುವ ನೋಡ್‌ಗಳೇ 1376 ಇದ್ದವು. ಒಂದೊಂದು ನೋಡ್ ಕೂಡ 24 ಕೋರ್‌ಗಳ ಪೂರ್ಣ ಕಂಪ್ಯೂಟರ್. ಇಂಥ ನೂರಾರು ಯಂತ್ರಗಳನ್ನು ವೇಗದ ಜಾಲದಿಂದ ಬೆಸೆದು, ಒಂದೇ ಕೆಲಸಕ್ಕೆ ಹೂಡುವುದೇ ಕ್ಲಸ್ಟರ್.

ಈಗ ಅಷ್ಟೂ ನೋಡ್‌ಗಳಲ್ಲಿ ಒಂದು ಸೆಟ್ಟಿಂಗ್ ಬದಲಿಸಬೇಕು ಅಂದುಕೊಳ್ಳಿ. ನೋಡ್‌ಗೆ ಎರಡೇ ನಿಮಿಷ ಹಿಡಿದರೂ ಒಬ್ಬರು ಎಡೆಬಿಡದೆ 46 ಗಂಟೆ ಕೂರಬೇಕು. ನಡುವೆ ಎಲ್ಲೋ ಒಂದು ನೋಡ್ ತಪ್ಪಿಹೋದರೆ, ಸಂಶೋಧಕರ ಲೆಕ್ಕ ಅದೇ ನೋಡ್‌ನ ಮೇಲೆ ಬಿದ್ದ ದಿನ ಮಾತ್ರ ಕೆಡುತ್ತದೆ. ಉಳಿದ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈ ಬದಲಾವಣೆಗಳನ್ನು ಅಚ್ಚುಕಟ್ಟಾಗಿ ಮಾಡಿಸುವ ಕೌಶಲಕ್ಕೆ ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ.

ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಮಾರ್ಕ್ ಬರ್ಜೆಸ್ ಎಂಬ ಭೌತವಿಜ್ಞಾನಿಯ ಕಥೆ. ಇಂಗ್ಲೆಂಡಿನಿಂದ ನಾರ್ವೆಗೆ ಹೋಗಿ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಭೌತವಿಜ್ಞಾನದ ಸಂಶೋಧನೆಯಲ್ಲಿದ್ದವರು. ವಿಭಾಗದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸವೂ ಅವರ ಪಾಲಿಗೆ ಬಂತು. ಒಂದೊಂದು ಯಂತ್ರ ಒಂದೊಂದು ತಯಾರಕರದ್ದು, ಒಂದಕ್ಕೆ ಬರೆದ ಆಜ್ಞೆಗಳ ಪಟ್ಟಿ, ಅಂದರೆ ಸ್ಕ್ರಿಪ್ಟ್, ಇನ್ನೊಂದಕ್ಕೆ ಹೊಂದದು. 1993ರಲ್ಲಿ ಅವರು ಇದಕ್ಕಾಗಿ ಸಿಎಫ್‌ಎಂಜಿನ್ ಎಂಬ ತಂತ್ರಾಂಶ ಬರೆದರು.

ಅದರೊಳಗಿನ ವಿಚಾರವನ್ನು ನಮ್ಮ ಬಚ್ಚಲುಮನೆಯಿಂದಲೇ ಹೇಳಬಹುದು. ‘ಹಂಡೆಗೆ ಎರಡು ಕೊಡ ನೀರು ಹಾಕು’ ಎಂದರೆ, ಹಂಡೆ ಮೊದಲೇ ಅರ್ಧ ತುಂಬಿದ್ದ ದಿನ ನೀರು ಚೆಲ್ಲಿಹೋಗುತ್ತದೆ. ‘ಹಂಡೆ ತುಂಬಿರಲಿ’ ಎಂದು ಹೇಳಿಟ್ಟರೆ, ಮಾಡುವವರು ನೋಡಿ, ಕಮ್ಮಿ ಇದ್ದಷ್ಟೇ ಹಾಕುತ್ತಾರೆ, ತುಂಬಿದ್ದರೆ ಸುಮ್ಮನಿರುತ್ತಾರೆ. ಬರ್ಜೆಸ್ ಯಂತ್ರಗಳಿಗೆ ಈ ಎರಡನೆಯ ಬಗೆಯಲ್ಲಿ ಹೇಳುವುದನ್ನು ರೂಢಿಗೆ ತಂದರು. ಏನು ಮಾಡಬೇಕು ಎಂದು ಹಂತ ಹಂತವಾಗಿ ಬರೆಯುವ ಬದಲು, ಕೊನೆಗೆ ಯಂತ್ರ ಹೇಗಿರಬೇಕು ಎಂದು ಬರೆದಿಡುವುದು. ಅದೇ ಆಜ್ಞೆಯನ್ನು ನೂರು ಸಲ ಓಡಿಸಿದರೂ ಹಾನಿಯಿಲ್ಲ. ಪ್ರತಿ ಸಲವೂ ಯಂತ್ರ ಅದೇ ಸ್ಥಿತಿಗೆ ಬಂದು ನಿಲ್ಲುತ್ತದೆ. 1998ರಲ್ಲಿ ಅವರು ಇನ್ನೂ ಮುಂದೆ ಹೋಗಿ, ದೇಹ ರೋಗವನ್ನು ತಾನೇ ಎದುರಿಸುವಂತೆ ಕಂಪ್ಯೂಟರ್ ಕೂಡ ತನ್ನ ಕೆಡುಕನ್ನು ತಾನೇ ಸರಿಪಡಿಸಿಕೊಳ್ಳಬೇಕು ಎಂದು ವಾದಿಸಿ ಪ್ರಬಂಧ ಬರೆದರು. 2005ರಲ್ಲಿ ಬಂದ ಪಪೆಟ್, 2012ರಲ್ಲಿ ಬಂದ ಆನ್ಸಿಬಲ್ ತಂತ್ರಾಂಶಗಳೂ ಇದೇ ವಿಚಾರದ ಮೇಲೆ ನಿಂತಿವೆ. ತನ್ನ ಸಂಶೋಧನೆಗೆ ಬಿಡುವು ಮಾಡಿಕೊಳ್ಳಲು ಹೊರಟ ಭೌತವಿಜ್ಞಾನಿಯೊಬ್ಬರು ಒಂದು ಶಾಸ್ತ್ರವನ್ನೇ ಕಟ್ಟಿಬಿಟ್ಟರು.

ಸಾಮಾನ್ಯ ಕಂಪ್ಯೂಟರ್‌ಗಳಿಂದ ಕಟ್ಟುವ ಕ್ಲಸ್ಟರ್ ಎಂಬ ರೂಪವೂ ಹೆಚ್ಚುಕಡಿಮೆ ಸಿಎಫ್‌ಎಂಜಿನ್ ಹುಟ್ಟಿದ ಕಾಲದ್ದೇ. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಸಾಮಾನ್ಯ ಪಿಸಿಗಳಲ್ಲಿ ಸಿಗುವ 16 ಪ್ರೊಸೆಸರ್‌ಗಳನ್ನು ಜೋಡಿಸಿ ‘ಬೇವುಲ್ಫ್’ ಕಟ್ಟಿದರು. ಅಲ್ಲಿಂದ ಈ ದಾರಿ ಎಲ್ಲರಿಗೂ ತೆರೆಯಿತು.

ಇವತ್ತಿನ ಅನೇಕ ಕ್ಲಸ್ಟರ್‌ಗಳಲ್ಲಿ ಸೆಟ್ಟಿಂಗ್‌ಗಳೆಲ್ಲ ಗಿಟ್ ಎಂಬ ದಾಖಲೆ ವ್ಯವಸ್ಥೆಯಲ್ಲಿರುತ್ತವೆ. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬುದು ಅಲ್ಲಿ ದಾಖಲಾಗಿ ಉಳಿಯುತ್ತದೆ. ಹೊಸ ಬದಲಾವಣೆಯನ್ನು ಮೊದಲು ಒಂದೆರಡು ನೋಡ್‌ಗಳ ಮೇಲೆ ಪರೀಕ್ಷಿಸಿ, ಆಮೇಲೆ ಉಳಿದವಕ್ಕೆ ಕಳಿಸುತ್ತಾರೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ‘ಡ್ರೈನ್’ ಎಂಬ ಹಂತ. ನೋಡ್‌ನಲ್ಲಿ ಓಡುತ್ತಿರುವ ಲೆಕ್ಕದ ಕೆಲಸವನ್ನು, ಅಂದರೆ ಜಾಬ್ ಅನ್ನು, ಕೊಲ್ಲುವುದಿಲ್ಲ. ಅದು ಮುಗಿಯುವವರೆಗೆ ಕಾಯುತ್ತಾರೆ, ಹೊಸದನ್ನು ಮಾತ್ರ ಕೊಡುವುದಿಲ್ಲ. ಖಾಲಿಯಾದ ಮೇಲೆ ಬದಲಾವಣೆ ಮಾಡಿ, ಆರೋಗ್ಯ ಪರೀಕ್ಷೆ ನಡೆಸಿ, ಮತ್ತೆ ಸರದಿಗೆ ಸೇರಿಸುತ್ತಾರೆ. ಜಾಬ್‌ಗಳನ್ನು ಹಂಚುವ ಸ್ಲರ್ಮ್ ಎಂಬ ತಂತ್ರಾಂಶಕ್ಕೆ ಒಂದು ಹಟವಿದೆ: ಡ್ರೈನ್ ಮಾಡು ಎಂದರೆ ಸಾಲದು, ಕಾರಣವನ್ನೂ ಬರೆಯಬೇಕು. ಬರೆಯದಿದ್ದರೆ ಆಜ್ಞೆಯನ್ನೇ ಒಪ್ಪುವುದಿಲ್ಲ. ಆ ಕಾರಣ, ಬರೆದವರ ಗುರುತು, ಹೊತ್ತು ಎಲ್ಲವನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ರಾತ್ರಿ ಪಾಳಿಗೆ ಬಂದವರಿಗೆ ಆ ಒಂದು ಸಾಲೇ ದಾರಿ ತೋರಿಸುತ್ತದೆ.

ಇಷ್ಟೆಲ್ಲ ಎಚ್ಚರ ಯಾಕೆ ಎಂಬುದಕ್ಕೆ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯ ಸಾಕ್ಷಿ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಸೂಪರ್‌ಕಂಪ್ಯೂಟರ್‌ನ ಬ್ಯಾಕಪ್ ಸ್ಕ್ರಿಪ್ಟ್ ಅನ್ನು ಸುಲಭವಾಗಿ ಓದಲು ಬರಲಿ ಎಂಬ ಒಳ್ಳೆಯ ಉದ್ದೇಶದಿಂದ ತಿದ್ದಿದ್ದರು. ಹಳೆಯದು ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಬರೆದರು. ಓಡುತ್ತಿದ್ದ ಸ್ಕ್ರಿಪ್ಟ್ ನಡುವಿನಿಂದ ಹೊಸ ಸಾಲುಗಳನ್ನು ಓದಿಕೊಂಡಿತು. ಹಳೆಯ ಲಾಗ್ ಕಡತಗಳನ್ನು ಅಳಿಸಬೇಕಿದ್ದ ಆಜ್ಞೆ ಸಂಶೋಧಕರ ಕಡತಗಳ ಮೇಲೆ ತಿರುಗಿತು. ಸುಮಾರು 77 ಟೆರಾಬೈಟ್ ದತ್ತಾಂಶ, 3 ಕೋಟಿ 40 ಲಕ್ಷದಷ್ಟು ಕಡತಗಳು ಅಳಿಸಿಹೋದವು. ಪೆಟ್ಟು ಬಿದ್ದದ್ದು 14 ಸಂಶೋಧನಾ ಗುಂಪುಗಳಿಗೆ. ಅವುಗಳಲ್ಲಿ 4 ಗುಂಪುಗಳ ದತ್ತಾಂಶ ಮರಳಿ ಸಿಗಲೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಇದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 8192 ಪ್ರೊಸೆಸರ್‌ಗಳ ‘ಆಸ್ಕಿ ಕ್ಯೂ’ ಯಂತ್ರ ನಿರೀಕ್ಷಿತ ವೇಗ ಕೊಡುತ್ತಿರಲಿಲ್ಲ. ಫ್ಯಾಬ್ರಿಝಿಯೊ ಪೆಟ್ರಿನಿ ಮತ್ತು ಸಂಗಡಿಗರು ಹುಡುಕಿದಾಗ ಸಿಕ್ಕದ್ದು, ನೋಡ್‌ಗಳಲ್ಲಿ ಆಗಾಗ ಎದ್ದು ಕ್ಷಣಹೊತ್ತು ಪ್ರೊಸೆಸರ್ ಬಳಸುವ ಸಣ್ಣಪುಟ್ಟ ಹಿನ್ನೆಲೆ ಕೆಲಸಗಳು. ಒಂದು ನೋಡ್ ತಡೆದರೆ ಅದಕ್ಕಾಗಿ ಉಳಿದವೆಲ್ಲ ಕಾಯಬೇಕಿತ್ತು. ಬೇಡದ್ದನ್ನು ತೆಗೆದುಹಾಕಿ, ಬೇಕಾದ್ದನ್ನು ಬೇರೆಡೆಗೆ ಸರಿಸಿದ್ದಷ್ಟೇ. ಅಲ್ಲಿನ ಒಂದು ಮುಖ್ಯ ತಂತ್ರಾಂಶದ ವೇಗ ಎರಡು ಪಟ್ಟಾಯಿತು. 2003ರಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಈ ಕಸುಬಿನವರು ಇಂದಿಗೂ ಓದುತ್ತಾರೆ. ಒಂದು ಹೊಸ ಪ್ರೊಸೆಸರ್ ಕೂಡ ಕೊಳ್ಳದೆ ಬಂದ ಲಾಭ ಅದು.

2015ರಲ್ಲಿ ಮಂಜೂರಾದ ನಮ್ಮ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ 4500 ಕೋಟಿ ರೂಪಾಯಿ ಯೋಜನೆ ಹಾಕಿದ್ದರು. ಸರ್ಕಾರಿ ಸಂಶೋಧನಾ ಕೇಂದ್ರವಾದ ಸಿ-ಡ್ಯಾಕ್ ಮತ್ತು ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯೇ ಅದರ ಹೊಣೆ ಹೊತ್ತವು. ಊರೂರಿಗೆ ಯಂತ್ರಗಳು ಬಂದವು. ಯಂತ್ರಕ್ಕೆ ಕೆಲವೇ ವರ್ಷಗಳ ಆಯುಸ್ಸು. ಅದನ್ನು ಪಳಗಿಸಿದವರ ಅನುಭವ ಮಾತ್ರ ಮುಂದಿನ ಯಂತ್ರಕ್ಕೂ ಬೇಕು. ಗುತ್ತಿಗೆ ಮುಗಿದು ಅಂಥವರೊಬ್ಬರು ಹೊರನಡೆದರೆ, ಯಾವ ಸಾಲು ಯಾಕೆ ಹಾಗಿದೆ ಎಂಬ ತಿಳಿವಳಿಕೆಯೂ ಅವರೊಂದಿಗೇ ಹೋಗುತ್ತದೆ. ಅವರಿಗೆ ಕಾಯಂ ಹುದ್ದೆ, ಬಡ್ತಿಯ ದಾರಿ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಲರ್ಮ್, ಆನ್ಸಿಬಲ್, ಗಿಟ್ ಎಲ್ಲವೂ ಉಚಿತ. ಕಾಲೇಜಿನ ಮೂಲೆಯಲ್ಲಿ ಬಿದ್ದಿರುವ ನಾಲ್ಕು ಹಳೆಯ ಕಂಪ್ಯೂಟರ್‌ಗಳಲ್ಲೇ ಈ ಕೌಶಲ ಕಲಿಯಬಹುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕಲಿಸಲಿ. ಮಳೆಯ ಮಾದರಿಯನ್ನೋ ಔಷಧದ ಅಣುವನ್ನೋ ಇಂಥ ಯಂತ್ರದಲ್ಲಿ ಲೆಕ್ಕ ಹಾಕಿಸಿ ಪ್ರಬಂಧ ಬರೆಯುವ ಸಂಶೋಧಕರೂ ಒಂದು ಕೆಲಸ ಮಾಡಬೇಕು: ಕೊನೆಯಲ್ಲಿ ಕೃತಜ್ಞತೆ ಹೇಳುವಾಗ ಯಂತ್ರದ ಹೆಸರಿನ ಪಕ್ಕದಲ್ಲಿ ಅದನ್ನು ಕಾಪಾಡಿದವರ ಹೆಸರನ್ನೂ ಬರೆಯಿರಿ.