ದೋಣಿಯನ್ನು ಹೊರುವ ಹಲಗೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 10,000ಕ್ಕೂ ಮಿಕ್ಕ ಸರೋವರಗಳುಂಟು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಆ ನೀರಿನಲ್ಲಿ ದೋಣಿಯನ್ನು ವರ್ಷವಿಡೀ ಕಟ್ಟಿಡುವಂತಿಲ್ಲವಾದುದರಿಂದ, ಅಲ್ಲಿಯ ಗೃಹಸ್ಥರು ಅದನ್ನು ಅಂಗಳದಲ್ಲಿ ಟ್ರೈಲರಿನ ಮೇಲಿರಿಸಿಕೊಂಡು, ಬೇಸಗೆ ಬಂದಾಗ ಕಾರಿನ ಹಿಂದೆ ಎಳೆದೊಯ್ದು, ದಡದ ಇಳಿಜಾರಿನಲ್ಲಿ ಟ್ರೈಲರಿನ ಸಮೇತ ನೀರಿಗಿಳಿಸಿ ತೇಲಿಬಿಡುತ್ತಾರೆ. ಈ ವಾಹನದ ಉಕ್ಕಿನ ಚೌಕಟ್ಟಿಗೂ ದೋಣಿಯ ತಳಕ್ಕೂ ನಡುವೆ ಕಾರ್ಪೆಟ್ ಹೊದಿಸಿದ ಒಂದೆರಡು ಜೊತೆ ಉದ್ದನೆಯ ಹಲಗೆಗಳಿರುತ್ತವೆ. ಬಂಕ್ ಎಂದು ಕರೆಯಲ್ಪಡುವ ಇವುಗಳ ಮಹತ್ವವು ಕೆಟ್ಟುಹೋಗುವವರೆಗೆ ಯಾರ ಗಮನಕ್ಕೂ ಬಾರದು.

ತೇಲುತ್ತಿರುವ ದೋಣಿಯ ಭಾರವನ್ನು ಅದರ ಮುಳುಗಿದ ಮೈಯನ್ನೆಲ್ಲ ಒತ್ತುವ ಜಲವೇ ಹೊರುತ್ತದೆ; ದಡಕ್ಕೆ ಬಂದೊಡನೆ ಆ ಸಮಸ್ತ ಭಾರವೂ ಹಲಗೆಗಳ ಪಾಲಾಗುತ್ತದೆ. ಎಂಜಿನ್ ಸಹಿತ 800 ಕಿಲೋಗ್ರಾಂ ತೂಗುವ ದೋಣಿಯು 2.4 ಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಎರಡು ಹಲಗೆಗಳ ಮೇಲೆ ಸರಿಸಮನಾಗಿ ಕುಳಿತರೆ, ಚದರ ಸೆಂಟಿಮೀಟರಿಗೆ ಬೀಳುವ ಭಾರ 200 ಗ್ರಾಮನ್ನೂ ಮುಟ್ಟದು. ಆದರೆ ಹಲಗೆಯ ಒಂದು ಭಾಗ ಕುಂಬಾಗಿ ತಗ್ಗಿತೆನ್ನಿ: ಉಳಿದ ಭಾಗವೇ ಎಲ್ಲವನ್ನೂ ಹೊರಬೇಕಾಗಿ, ಅಲ್ಯೂಮಿನಿಯಂ ತಗಡಿನ ಒಡಲಾದರೆ ಆ ಸ್ಥಳದಲ್ಲಿ ನೆಗ್ಗುತ್ತದೆ, ಫೈಬರ್‌ಗ್ಲಾಸಾದರೆ ತಿಂಗಳುಗಟ್ಟಲೆ ಒತ್ತಡಕ್ಕೆ ಸಿಕ್ಕಿ ಮೆಲ್ಲಮೆಲ್ಲನೆ ಬಾಗುತ್ತದೆ. ಎಂಜಿನ್ ತೂಗುವ ಹಿಂಗೋಡೆಯವರೆಗೂ ಹಲಗೆ ಚಾಚಿಕೊಂಡಿರತಕ್ಕದ್ದೆಂಬ ನಿಯಮದ ಮರ್ಮವೂ ಇದೇ. ಅಲ್ಲಿ ಆಧಾರ ತಪ್ಪಿ ತಳವು ಬಾಗಿದರೆ, ವೇಗವಾಗಿ ಸಾಗುವಾಗ ಹಿಂಭಾಗ ಮೇಲೆದ್ದು ಮೂತಿ ನೀರಿಗೆ ಒತ್ತಲ್ಪಡುತ್ತದೆ.

ಮರವನ್ನು ನೀರೇ ಕೆಡಿಸುವುದೆಂಬ ಭಾವನೆ ಸಾರ್ವತ್ರಿಕವಾದರೂ ಅದು ಅರ್ಧಸತ್ಯ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ವಾಸಾ ಎಂಬ ಯುದ್ಧನೌಕೆ, ಮರ ಕೊರೆಯುವ ಹುಳು ಬಾಳದ ಅಲ್ಪಲವಣದ ಆ ನೀರಿನಲ್ಲಿ, ಆಮ್ಲಜನಕ ವಿರಳವಾದ ಆಳದಲ್ಲಿ ಉಳಿದು, 1961ರಲ್ಲಿ ಬಹುಮಟ್ಟಿಗೆ ಇಡಿಯಾಗಿ ಮೇಲೆ ಬಂದಿತು. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ತೇವಾಂಶವು ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯದು, ಮರ ಪೂರ್ಣವಾಗಿ ಮುಳುಗಿದ್ದರೂ ಬೆಳೆಯದು. ಟ್ರೈಲರಿನ ಹಲಗೆಯಾದರೋ ಈ ಎರಡರ ನಡುವಣ ಅನಿಷ್ಟ ಸ್ಥಿತಿಯಲ್ಲೇ ಬಾಳುತ್ತದೆ. ದೋಣಿಯ ಬಣ್ಣಕ್ಕೆ ಗೀರು ಬೀಳದಂತೆ ಕಾಯುವ ಕಾರ್ಪೆಟ್ಟೇ ನೀರನ್ನು ಹಿಡಿದಿಟ್ಟುಕೊಂಡು ಹಲಗೆಯನ್ನು ದಿನಗಟ್ಟಲೆ ಒದ್ದೆಯಾಗಿರಿಸುತ್ತದೆ. ಅದನ್ನು ಬಿಚ್ಚಿ, ಬೋಲ್ಟಿನ ರಂಧ್ರದ ಬಳಿ ಸ್ಕ್ರೂಡ್ರೈವರಿನಿಂದ ಚುಚ್ಚಿದರೆ, ತುದಿ ತಡೆಯಿಲ್ಲದೆ ಒಳಹೋಗಿ, ಕಂದುಬಣ್ಣದ ಚೌಕ ಚೌಕ ತುಂಡುಗಳು ಉದುರುತ್ತವೆ. ಶಿಲೀಂಧ್ರವು ಸೆಲ್ಯುಲೋಸನ್ನು ಉಂಡು ಲಿಗ್ನಿನ್ನನ್ನು ಉಳಿಸಿದುದರ ಕುರುಹು ಅದು.

ಹೊಸ ಹಲಗೆಗೆ ರಾಸಾಯನಿಕ ಉಣಿಸಿದ ಪೈನ್ ಮರವನ್ನು ಆರಿಸುವುದು ವಾಡಿಕೆ. ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಹಿಂದೆ ಬಳಕೆಯಲ್ಲಿದ್ದ ಆರ್ಸೆನಿಕ್‌ಯುಕ್ತ ಸಂಯುಕ್ತವು 2003ರ ಅಂತ್ಯದೊಡನೆ ಅಮೆರಿಕದ ಗೃಹೋಪಯೋಗಿ ಮರದಿಂದ ಬಹುಮಟ್ಟಿಗೆ ಹಿಂದೆಗೆಯಲ್ಪಟ್ಟು, ತಾಮ್ರವನ್ನು ಅಧಿಕವಾಗಿ ಹೊಂದಿದ ಸಂಯುಕ್ತಗಳು ಅದರ ಸ್ಥಾನಕ್ಕೆ ಬಂದವು. ಒದ್ದೆ ಮರದಿಂದ ಒಸರುವ ತಾಮ್ರವು ಅಲ್ಯೂಮಿನಿಯಮ್ಮನ್ನು ಸೋಂಕಿದರೆ ವಿದ್ಯುದ್ರಾಸಾಯನಿಕ ಕ್ರಿಯೆ ಆರಂಭವಾಗಿ, ಅಲ್ಯೂಮಿನಿಯಂ ಸವೆದು ಗುಳಿ ಬೀಳುತ್ತದೆ. ಅಲ್ಯೂಮಿನಿಯಂ ದೋಣಿಯ ಯಜಮಾನನಿಗೆ ಅಂಥ ಮರ ತರವಲ್ಲವೆಂದೇ ನನ್ನ ಅಭಿಪ್ರಾಯ. ಸೀಡರ್‌ನಂಥ ಸಹಜವಾಗಿ ಬಾಳುವ ಮರ ಅಷ್ಟು ದೀರ್ಘಾಯುವಲ್ಲದಿದ್ದರೂ ಒಡಲಿಗೆ ನಿರಪಾಯಕರ. ಬೋಲ್ಟುಗಳು ಸ್ಟೇನ್‌ಲೆಸ್ ಉಕ್ಕಿನವೋ ದಪ್ಪನಾಗಿ ಸತುವು ಲೇಪಿಸಿದವೋ ಆಗಿರಬೇಕು. ಅವುಗಳ ತಲೆ ಹಲಗೆಯ ಮೈಯಿಂದ ಕೆಳಗೆ ಹುದುಗಿರದಿದ್ದರೆ ದೋಣಿಯ ತಳವನ್ನೇ ಕೊರೆದೀತು.

ದೋಣಿಯನ್ನು ನೀರಿನಲ್ಲಿ ಕಟ್ಟಿ, ಬರಿಯ ಟ್ರೈಲರನ್ನು ಮನೆಗೆ ತಂದರೆ ಹಲಗೆ ಬದಲಿಸುವ ಕೆಲಸ ಸುಲಭ. ಹಳೆಯ ಹಲಗೆಯನ್ನೇ ಮಾದರಿಯಾಗಿಟ್ಟು ರಂಧ್ರಗಳನ್ನು ಗುರುತಿಸಬೇಕು. ಬ್ರಾಕೆಟ್ಟುಗಳ ಎತ್ತರವನ್ನೂ ಓರೆಯನ್ನೂ ಕಳಚುವ ಮೊದಲೇ ಬರೆದಿಡಬೇಕು. ಕಾರ್ಪೆಟ್ಟನ್ನು ಮೇಲ್ಮೈಗೂ ಅಂಚುಗಳಿಗೂ ಹೊದಿಸಿ, ಸ್ಟೇನ್‌ಲೆಸ್ ಪಿನ್ನುಗಳಿಂದ ಬಿಗಿದು, ಅಡಿಭಾಗವನ್ನು ತೆರೆದೇ ಬಿಡುವುದು ಲೇಸು. ಒಳಸೇರಿದ ನೀರಿಗೆ ಹೊರಹೋಗಲು ಅದೇ ದಾರಿ. ಹೊಸ ಮರ ಒಣಗುತ್ತ ಕುಗ್ಗುವುದರಿಂದ ನಟ್ಟುಗಳು ಸಡಿಲಾಗುತ್ತವೆ. ಮೊದಲ ಕೆಲವು ಪಯಣಗಳಾದ ಮೇಲೆ ಅವನ್ನು ಇನ್ನೊಮ್ಮೆ ಬಿಗಿಮಾಡತಕ್ಕದ್ದು.