ಕುಣಿಮಗ್ಗದ ಬೂಷ್ಟಿಗೆ ಯಾರು ಹೊಣೆ?

ಇಳಕಲ್ಲಿನಲ್ಲಿ ನೆಲಮಾಳಿಗೆ ಇರುವ ಮನೆಗಳು ಅಪರೂಪ. ಆದರೆ ನೆಲದ ಮಟ್ಟಕ್ಕಿಂತ ಕೆಳಗೆ ಕಾಲು ಇಳಿಬಿಟ್ಟು ದಿನವಿಡೀ ದುಡಿಯುವವರು ಅಲ್ಲಿನ ಓಣಿಗಳಲ್ಲಿ ಇಂದಿಗೂ ಇದ್ದಾರೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎರಡೂ ಬೆಳೆದದ್ದು ಕುಣಿಮಗ್ಗದ ಮೇಲೆ. ಬಾಡಿಗೆ ಮನೆಯಲ್ಲಿ ಮಗ್ಗ ಹೂಡಿದವರಿಗೆ ಮಳೆಗಾಲದ ಕೊನೆಯಲ್ಲಿ ಈ ಕುಣಿಯೇ ತಲೆನೋವು. ಒಳಗೋಡೆಯ ಮೇಲೆ ಮೊದಲು ಬೂದುಬಣ್ಣದ ಪೊರೆ, ಆಮೇಲೆ ಕಪ್ಪು ಚುಕ್ಕೆ, ಕೋಣೆಯ ತುಂಬ ಮುಗ್ಗಲು ವಾಸನೆ. ಹಾಸಿನ ಎಳೆಗಳಿಗೆ ಹಚ್ಚಿದ ಗಂಜಿಯೇ ಬೂಷ್ಟಿಗೆ ಆಹಾರ. ದೂರು ಕೊಟ್ಟರೆ ಮನೆ ಮಾಲೀಕರಿಂದ ಬರುವ ಉತ್ತರ ಮಾತ್ರ ಸಿದ್ಧವಾಗಿರುತ್ತದೆ: ಕುಣಿ ತೋಡಿದವರು ನೀವು, ನೀರು ಚಿಮುಕಿಸುವವರು ನೀವು, ಕಿಟಕಿ ತೆರೆಯದವರೂ ನೀವು. ಈ ಉತ್ತರ ಬಹುಪಾಲು ತಪ್ಪು. ಕುಣಿ ನೀರನ್ನು ಹುಟ್ಟಿಸುವುದಿಲ್ಲ, ಗೋಡೆಯ ಬುಡದಲ್ಲಿ ಆಗಲೇ ಸೇರಿಕೊಂಡ ನೀರನ್ನು ಬಯಲಿಗೆ ತರುತ್ತದೆ.

ಇದಕ್ಕೆ ಸಾಕ್ಷಿಯಾಗಿ ನನಗೆ ಬಹಳ ಪ್ರಿಯವಾದದ್ದು ಹಗೇವು. ಈ ಸೀಮೆಯ ಹಿರಿಯರಿಗೆ ಅದನ್ನು ವಿವರಿಸಬೇಕಿಲ್ಲ. ಕಿರಿದಾದ ಬಾಯಿ, ಒಳಗೆ ಮನುಷ್ಯ ಇಳಿದು ನಿಲ್ಲುವಷ್ಟು ಆಳ. ಸುತ್ತ ಹುಲ್ಲು ಒತ್ತಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಉಳಿಯುತ್ತಿತ್ತು. ಕಾಳು ಉಸಿರಾಡಿ ಒಳಗಿನ ಆಮ್ಲಜನಕವನ್ನು ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಸಾಯುತ್ತದೆ. ಬಾಯಿ ತೆರೆದ ಕೂಡಲೇ ಇಳಿದವರು ಪ್ರಾಣ ಕಳೆದುಕೊಂಡದ್ದೂ ಇದೇ ಕಾರಣಕ್ಕೆ, ಮೊದಲು ದೀಪ ಇಳಿಸಿ ನೋಡುವ ರೂಢಿ ಬಂದದ್ದೂ ಇದರಿಂದಲೇ. ಗೋಡೆಗೆ ತಾಗಿದ ಕಾಳು ಕಪ್ಪಾಗಿ ಕೆಡುತ್ತಿತ್ತು, ನಡುವಿನದು ಉಣ್ಣಲು ಯೋಗ್ಯವಾಗಿರುತ್ತಿತ್ತು. ಅಂದರೆ ಮಣ್ಣಿನಿಂದ ಸ್ವಲ್ಪ ತೇವ ಬರುತ್ತದೆಂಬುದು ಆ ಜನಕ್ಕೆ ಗೊತ್ತಿತ್ತು, ಹೊರಪದರವನ್ನು ಅದಕ್ಕೆ ಬಿಟ್ಟುಕೊಡುವ ಲೆಕ್ಕವೂ ಇತ್ತು. ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನಾಡಿನಲ್ಲಿ ಊರೊಳಗಿನ ನೆಲ ಅಷ್ಟು ಒಣಗಿತ್ತು. ನೆಲದೊಳಗೆ ಜೋಳ ಕಾಯ್ದ ಊರುಗಳಲ್ಲಿ ಇಂದು ಎರಡಡಿ ಕುಣಿಯೂ ಬೂಷ್ಟು ಹಿಡಿಯುತ್ತಿದೆ ಎಂದರೆ, ಬದಲಾದದ್ದು ನೇಕಾರರ ನಡವಳಿಕೆ ಅಲ್ಲ.

ಬದಲಾದದ್ದು ಮನೆ ಮತ್ತು ಅದರ ಸುತ್ತಲಿನ ನೀರು. ನಲ್ಲಿಯ ನೀರು ಮನೆಗೆ ಬಂತು, ಬಳಸಿದ ನೀರು ಗೋಡೆಗೆ ಅಂಟಿದ ಚರಂಡಿಗೋ ಇಂಗುಗುಂಡಿಗೋ ಹೋಯಿತು. ಇಳಕಲ್ಲಿನ ಕೆಂಪು ಗ್ರಾನೈಟ್ ನೀರು ಕುಡಿಯುವುದು ತೀರ ಕಡಿಮೆ, ಬಾದಾಮಿಯ ಮರಳುಗಲ್ಲು ಅದಕ್ಕಿಂತ ಹೆಚ್ಚು ಕುಡಿಯುತ್ತದೆ. ಆದರೆ ಎರಡೂ ಕಡೆ ಕಲ್ಲುಗಳ ನಡುವಿನ ಮಣ್ಣು ಬತ್ತಿಯ ಹಾಗೆ ನೀರನ್ನು ಮೇಲಕ್ಕೆಳೆಯುತ್ತದೆ. ಮಣ್ಣಿನ ಗಿಲಾವು, ಸುಣ್ಣ, ಸಂದುಳ್ಳ ಫರಸಿ ನೆಲ, ಮೇಲೆ ಬೆಳಕಿಂಡಿ ಇದ್ದ ಮನೆಯಲ್ಲಿ ಆ ತೇವ ಆರಿಹೋಗುತ್ತಿತ್ತು. ಅದೇ ಗೋಡೆಗೆ ಸಿಮೆಂಟ್ ಗಿಲಾವು, ಎಣ್ಣೆಬಣ್ಣ, ನೆಲಕ್ಕೆ ಹೊಳೆಯುವ ಟೈಲ್ಸ್ ಬಂದ ಮೇಲೆ ತೇವ ಆರಲು ಉಳಿದ ಜಾಗ ಕುಣಿಯ ಒಳಮೈ ಒಂದೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಬಾದಾಮಿ, ಹುನಗುಂದ ತಾಲ್ಲೂಕುಗಳ ನದಿದಂಡೆಯ ಮಣ್ಣುಗೋಡೆಗಳು ನೀರು ಕುಡಿದವು. ಅಂಥ ದಪ್ಪ ಗೋಡೆ ಆರಲು ತಿಂಗಳುಗಳೇ ಬೇಕು. ಆರುವ ಮುನ್ನ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿಯುತ್ತದೆ. ಬಾಗಲಕೋಟೆಯಲ್ಲಿ ಆಲಮಟ್ಟಿಯ ಹಿನ್ನೀರು 519.60 ಮೀಟರ್ ಮಟ್ಟಕ್ಕೆ ನಿಂತಾಗ ಅಂಚಿನ ತಗ್ಗು ಜಾಗಗಳ ಎರೆಮಣ್ಣು ಒಣಗುವುದು ಇನ್ನೂ ನಿಧಾನ.

ನೇಕಾರಿಕೆಗೆ ತೇವ ಬೇಕೇ ಬೇಕಲ್ಲ ಎಂಬ ಆಕ್ಷೇಪ ತೂಕವುಳ್ಳದ್ದು. ಬೇಸಿಗೆಯ ಒಣಗಾಳಿಗೆ ಹತ್ತಿಯ ಎಳೆ ಪಟಪಟನೆ ಹರಿಯುತ್ತದೆ, ಕುಣಿಯ ತಂಪು ಅದನ್ನು ತಡೆಯುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಬೇಕಾದ್ದರಿಂದ ಹರಿದ ಪ್ರತಿ ಎಳೆಯೂ ನಷ್ಟವೇ. ಆದರೆ ನೂಲಿಗೆ ಬೇಕಾದ ತೇವ ಬೇರೆ, ಬೂಷ್ಟಿಗೆ ಬೇಕಾದ ತೇವ ಬೇರೆ. ಗೋಡೆಯ ಮೈಯಲ್ಲಿ ಆರ್ದ್ರತೆ ಶೇಕಡಾ 80ರ ಆಸುಪಾಸಿನಲ್ಲಿ ದಿನಗಟ್ಟಲೆ ಇಳಿಯದೆ ನಿಂತರೆ ಬೂಷ್ಟು ಬೇರೂರುತ್ತದೆ. ಬೆಳಿಗ್ಗೆ ಚಿಮುಕಿಸಿದ ನೀರು ಗಾಳಿಯಾಡುವ ಕೋಣೆಯಲ್ಲಿ ಮಧ್ಯಾಹ್ನಕ್ಕೆ ಆರುತ್ತದೆ. ಚರಂಡಿಯಿಂದ ರಾತ್ರಿ ಹಗಲು ಜಿನುಗುವುದು ಆರುವುದಿಲ್ಲ. ಬಾಡಿಗೆದಾರರ ಪಾಲು ಏನೂ ಇಲ್ಲವೆಂದಲ್ಲ. ಮಗ್ಗದ ಕೋಣೆಯಲ್ಲೇ ಅಡುಗೆ, ಅಲ್ಲೇ ಒದ್ದೆ ಬಟ್ಟೆ, ಮೇಲೆ ಮುಚ್ಚಿದ ಕಿಟಕಿ ಎಂದಾದರೆ ಹಬೆಯೂ ಗೋಡೆಗೆ ಕೂರುತ್ತದೆ. ಯಾವುದು ಎಷ್ಟು ಎಂಬುದನ್ನು ಜಗಳವಿಲ್ಲದೆ ತಿಳಿಯಬಹುದು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೋ ಕುಣಿಯ ಗೋಡೆಗೋ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ನೀರು ನೆಲದ್ದು, ಹೊರಬದಿಯಲ್ಲಿ ಕಂಡರೆ ಕೋಣೆಯ ಗಾಳಿಯದು. ಮಾಲೀಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಇದನ್ನು ಮಾಡುವುದು ಒಳ್ಳೆಯದು.

ಬಾಡಿಗೆದಾರರ ಜೀವನಶೈಲಿಯನ್ನೇ ದೂರಿ ಕೈತೊಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ರಾಚ್‌ಡೇಲ್ ಕಣ್ಣೆದುರಿಗಿದೆ. ಬೂಷ್ಟು ಹಿಡಿದ ಬಾಡಿಗೆ ಮನೆಯಲ್ಲಿ ಬೆಳೆದ ಎರಡು ವರ್ಷದ ಅವಾಬ್ ಇಶಾಕ್ 2020ರ ಡಿಸೆಂಬರ್‌ನಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡ. ಸಾವಿಗೆ ಮನೆಯ ಬೂಷ್ಟೇ ಕಾರಣವೆಂದು 2022ರ ವಿಚಾರಣೆ ಹೇಳಿತು, ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು. ಇಷ್ಟು ಬೂಷ್ಟಿನವರೆಗೆ ಅಪಾಯವಿಲ್ಲ ಎಂದು ಗೆರೆ ಎಳೆಯಲು ಆಗದು, ತೇವವನ್ನೇ ತಡೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ನೂಲಿನ ಧೂಳನ್ನು ಆಗಲೇ ಉಸಿರಾಡುತ್ತಿರುವ ನೇಕಾರರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ನಮ್ಮ ಕಾನೂನು ಬಾಡಿಗೆದಾರರಿಗೆ ಕೊಡುವ ಆಸರೆ ಕಿರಿದು, ಆದರೆ ಇದ್ದಷ್ಟನ್ನು ಬಳಸಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಉದ್ದೇಶಿತ ಬಳಕೆಗೆ ಅಡ್ಡಿಯಾಗುವ ದೋಷ ತಮಗೆ ಗೊತ್ತಿದ್ದು, ಬಾಡಿಗೆಗೆ ಬರುವವರಿಗೆ ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯದಂತಿದ್ದರೆ, ಮಾಲೀಕರು ಅದನ್ನು ಮೊದಲೇ ಹೇಳಬೇಕು. ಮಗ್ಗ ಹೂಡಲೆಂದೇ ಮನೆ ಕೊಟ್ಟು, ಕಲೆಯ ಮೇಲೆ ಹೊಸ ಬಣ್ಣ ಬಳಿದು ಸುಮ್ಮನಿರುವುದು ಈ ಕಲಮಿಗೆ ವಿರುದ್ಧ ಎಂದೇ ನಾನು ಓದುತ್ತೇನೆ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಅದೇ ಕಲಮಿನಲ್ಲಿ ಅವಕಾಶವಿದೆ. ಆದರೆ ಯಾವ ದುರಸ್ತಿ ಯಾರದು ಎಂಬುದು ಕರಾರಿನಲ್ಲಿ ಇರಬೇಕು. ಹಾಗಾಗಿ ಹನ್ನೊಂದು ತಿಂಗಳ ಪತ್ರದಲ್ಲಿ ಇಲ್ಲಿ ಕುಣಿಮಗ್ಗ ಹೂಡಲಾಗುವುದು ಎಂದು ಬರೆಸಬೇಕು. ಗೋಡೆಬುಡ, ಚರಂಡಿ, ಚಾವಣಿಯ ನೀರು ಮಾಲೀಕರ ಹೊಣೆ, ಕುಣಿಯ ಒಳಗೋಡೆ ಮತ್ತು ಗಾಳಿ ಬಾಡಿಗೆದಾರರ ಹೊಣೆ ಎಂದೂ ಸೇರಿಸಬೇಕು. ಮಾಲೀಕರೂ ಸಿರಿವಂತರಲ್ಲ ಎನ್ನುವುದು ನಿಜ. ಆದರೆ ಚರಂಡಿಯನ್ನು ಗೋಡೆಯಿಂದ ಸರಿಸಿ, ಅಂಗಳದ ಇಳಿಜಾರನ್ನು ಹೊರಕ್ಕೆ ತಿರುಗಿಸುವ ಖರ್ಚು ವರ್ಷ ವರ್ಷ ಗಿಲಾವು ಕೆತ್ತಿ ಬಳಿಯುವುದಕ್ಕಿಂತ ಕಡಿಮೆ. ಮೊದಲು ಆ ಕೆಲಸ ಆಗಲಿ. ನಂತರ ಗೋಡೆಯ ಬುಡದ ಸಿಮೆಂಟ್ ಕೆತ್ತಿ ಒಂದು ಬೇಸಿಗೆ ಆರಲು ಬಿಡಬೇಕು. ಉಳಿದ ಬೂಷ್ಟನ್ನು ಒಣ ಬ್ರಷ್‌ನಿಂದ ಉಜ್ಜಿದರೆ ಬೀಜಕಣ ಗಾಳಿಗೇಳುತ್ತವೆ. ಮೂಗುಬಾಯಿ ಮುಚ್ಚಿಕೊಂಡು ಸಾಬೂನು ನೀರಿನ ಬಟ್ಟೆಯಿಂದ ಒರೆಸಬೇಕು, ಬ್ಲೀಚಿಂಗ್ ಪೌಡರ್ ಜತೆ ಆಸಿಡ್ ಬೆರೆಸಿದರೆ ವಿಷಗಾಳಿ ಏಳುವುದರಿಂದ ಅದರ ತಂಟೆಗೇ ಹೋಗಬಾರದು. ಕಡೆಗೆ ಸುಣ್ಣ. ಅದರ ಕ್ಷಾರ ಬೂಷ್ಟಿಗೆ ಒಗ್ಗದು, ಗೋಡೆಯ ತೇವ ಆರುವುದನ್ನೂ ಅದು ತಡೆಯದು.