ಘಾಟಿಯಲ್ಲಿ ಕಣ್ಣು ಮುಚ್ಚಿದ ಪಿಕಪ್

ಹಾಸನದಿಂದ ಮಂಗಳೂರಿಗೆ ತರಕಾರಿ ಹೊರುವ ಪಿಕಪ್ ಗಾಡಿಗಳಿಗೆ ಹಗಲು ಲೆಕ್ಕಕ್ಕಿಲ್ಲ. ಸಂಜೆ ಲೋಡು, ರಾತ್ರಿ ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ, ಬೆಳಗಿನ ಜಾವ ಮಾರುಕಟ್ಟೆ. ಈ ದಾರಿಯಲ್ಲಿ ಡ್ರೈವರ್ ನಂಬಿದ ದೇವರು ಎರಡೇ: ಒಂದು ಬ್ರೇಕು, ಇನ್ನೊಂದು ಲೈಟು.

ಮಳೆಗಾಲದ ಒಂದು ರಾತ್ರಿ ಅಂಥದೊಂದು ಗಾಡಿ ಮಾರನಹಳ್ಳಿ ದಾಟಿ ಇಳಿಜಾರು ಹಿಡಿದಿತ್ತು. ಹಿಂದೆ ಕೋಸು, ಬೀನ್ಸು. ಮುಂದೆ ಬರೀ ಮಂಜು. ಚಕ್ರ ಒಂದು ಗುಂಡಿಗೆ ಇಳಿದದ್ದೇ ತಡ, ಬಾನೆಟ್ಟಿನೊಳಗೆ ‘ಟಕಟಕ’ ಎಂಬ ಸದ್ದು. ಎರಡೂ ಹೆಡ್‌ಲೈಟು ಮಿಣಮಿಣ ಎಂದವು, ಆರಿಯೇ ಹೋದವು! ಎದುರಿಗೆ ಘಾಟಿ ಹತ್ತುತ್ತಾ ಒಂದು ಬಸ್ಸು. ಪಿಕಪ್‌ನ ಮಾಲೀಕನೇ ಡ್ರೈವರ್; ಹತ್ತು ವರ್ಷ ಅದೇ ದಾರಿ ತುಳಿದವನು. ಅಂದಾಜಿನ ಮೇಲೆ ಎಡಕ್ಕೆ ಎಳೆದು ನಿಲ್ಲಿಸಿದ. ಬಸ್ಸು ಉದ್ದಕ್ಕೆ ಹಾರನ್ ಹೊಡೆದು ಹಾದುಹೋಯಿತು. ಒಳಗೆ ತೂಕಡಿಸುತ್ತಿದ್ದ ಪ್ರಯಾಣಿಕರಿಗೆ ಏನು ತಪ್ಪಿತೆಂಬುದೇ ಗೊತ್ತಾಗಲಿಲ್ಲ.

ಗಾಡಿ ನಿಂತ ಅರ್ಧ ನಿಮಿಷಕ್ಕೆ ಲೈಟು ತಾನಾಗಿಯೇ ಹತ್ತಿತು. ಅದೇ ಸೋಜಿಗ!

ಹೊಸ ವೈರಿಂಗು, ಹೊಸ ಕಾಯಿಲೆ

ಇದಕ್ಕೆ ಹದಿನೈದು ದಿನ ಮುಂಚೆ ಈ ಗಾಡಿಗೆ ‘ಲೈಟ್ ವೈರಿಂಗ್ ಕಿಟ್’ ಬಿದ್ದಿತ್ತು. ಕಂಪನಿಯ 60/55 ವಾಟಿನ ಬಲ್ಬು ಮಂಕೆಂದು ತೆಗೆದು 100/90 ವಾಟಿನದು ಹಾಕಲಾಗಿತ್ತು. ಜೊತೆಗೆ ಎರಡು ರಿಲೇ, ಒಂದಿಷ್ಟು ದಪ್ಪ ವೈರು.

ಕಿಟ್ಟಿನ ಉಪಾಯ ಕೆಟ್ಟದ್ದೇನಲ್ಲ. ಅನೇಕ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟು ಸ್ಟೀರಿಂಗ್ ಬುಡದ ಸ್ವಿಚ್ಚಿಗೆ ಹೋಗಿ, ಸುತ್ತಿ ಬಳಸಿ ಬಲ್ಬಿಗೆ ಬರುತ್ತದೆ. ವೈರು ಸಣ್ಣ, ದಾರಿ ದೂರ. ನಡುವೆಯೇ ವೋಲ್ಟೇಜು ಸೋರಿಹೋಗುತ್ತದೆ. ರಿಲೇ ಹಾಕಿದರೆ ಬ್ಯಾಟರಿಯಿಂದ ದಪ್ಪ ವೈರು ನೇರ ಬಲ್ಬಿಗೆ ಬರುತ್ತದೆ. ಹಳೇ ವೈರು ಹೊರೆ ಹೊರುವುದಿಲ್ಲ, ರಿಲೇಗೆ ಬರೀ ಅಪ್ಪಣೆ ಹೇಳುತ್ತದೆ. ಸ್ವಿಚ್ಚೂ ಸುಡುವುದಿಲ್ಲ.

ಇಷ್ಟೆಲ್ಲ ಸರಿ ಇದ್ದರೂ ಘಾಟಿಯಲ್ಲಿ ಕತ್ತಲಾದದ್ದೇಕೆ? ಮಾರನೇ ದಿನ ಬಿ.ಎಂ. ರಸ್ತೆಯ ಹಳೇ ಎಲೆಕ್ಟ್ರಿಷಿಯನ್ ಒಬ್ಬರ ಮುಂದೆ ಗಾಡಿ ನಿಂತಿತು.

“ಬಲ್ಬು ಡೂಪ್ಲಿಕೇಟ್ ಇರ್ಬೇಕು ಮೇಸ್ತ್ರಿ. ಬೇರೆ ಹಾಕ್ಬಿಡಿ.”

“ತಡ್ಕೊಳ್ಳಣ್ಣ. ಜ್ವರ ನೋಡ್ದೆ ಇಂಜೆಕ್ಷನ್ ಕೊಡಕ್ಕಾಗುತ್ತಾ?”

ಮೀಟರ್ ಹೇಳಿದ ನಿಜ

ಮೇಸ್ತ್ರಿ ಇಂಜಿನ್ ಚಾಲೂ ಮಾಡಿಸಿ, ಹೈಬೀಮ್ ಹಾಕಿಸಿ, ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ತಿರುಗಿಸಿದರು. ಲೈಟು ಉರಿಯುತ್ತಿರುವಾಗಲೇ ಅಳೆಯಬೇಕು. ಆರಿಸಿ ಅಳೆದರೆ ಕೊಳೆತ ಜಾಯಿಂಟು ಕೂಡ ಪೂರ್ತಿ ವೋಲ್ಟೇಜು ತೋರಿಸಿ ಮೋಸ ಮಾಡುತ್ತದೆ.

ಬ್ಯಾಟರಿಯ ಮೇಲೆ 13.9 ವೋಲ್ಟು. ಬಲ್ಬಿನ ಹೋಲ್ಡರಿನಲ್ಲಿ 11.2. ದಾರಿಯಲ್ಲಿ 2.7 ವೋಲ್ಟು ಮಾಯ! ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜು ಹತ್ತನೇ ಒಂದು ಪಾಲು ಕಡಿಮೆಯಾದರೆ ಬೆಳಕು ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. ಇಲ್ಲಂತೂ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ನೂರು ವಾಟಿಗೆ ಕೊಟ್ಟ ದುಡ್ಡು ನೀರಿನಲ್ಲಿ ಹೋಮ.

ಕಳ್ಳ ಯಾವ ಕಡೆ? ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಹೋಲ್ಡರಿನ ಲೈವ್ ಪಿನ್ನಿಗೆ: 0.3 ವೋಲ್ಟು. ದಪ್ಪ ವೈರು ನಿಯತ್ತಿನದು. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಹೋಲ್ಡರಿನ ಅರ್ತ್ ಪಿನ್ನಿಗೆ: 2.4 ವೋಲ್ಟು.

“ಸಿಕ್ತು ನೋಡಣ್ಣ. ಹೋಗೋ ದಾರಿ ಹೈವೇ, ಬರೋ ದಾರಿ ಕಾಲುದಾರಿ.”

ಹೋಗುವ ಬಸ್ಸಿದ್ದು ಬರುವ ಬಸ್ಸಿಲ್ಲದ ಊರಿನ ಪಾಡು ಇದು. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬು ಉರಿಸಿ ಮತ್ತೆ ಬ್ಯಾಟರಿಗೇ ಸೇರಬೇಕು. ಕಿಟ್ ಹಾಕಿದವರು ಲೈವ್ ವೈರಿಗೆ ತೋರಿಸಿದ ಮುತುವರ್ಜಿಯನ್ನು ಅರ್ತಿಗೆ ತೋರಿಸಿರಲಿಲ್ಲ. ಎರಡು ಲೈಟು, ಎರಡು ರಿಲೇ, ಎಲ್ಲದರ ಅರ್ತನ್ನೂ ಪೇಂಟು ಕೂಡ ಕೆರೆಯದ ತಗಡಿಗೆ ಒಂದೇ ಸ್ಕ್ರೂ ಹಾಕಿ ಬಿಗಿದಿದ್ದರು. ಮಳೆನೀರು ಕುಡಿದು ಸ್ಕ್ರೂ ತುಕ್ಕು ಹಿಡಿದಿತ್ತು.

ಮೇಸ್ತ್ರಿ ಆ ಸ್ಕ್ರೂ ಅಲ್ಲಾಡಿಸಿದರು. ‘ಟಕಟಕ’! ಲೈಟು ಮಿಣುಕಿ ಆರಿತು. ಘಾಟಿಯ ಸೋಜಿಗ ಬಿ.ಎಂ. ರಸ್ತೆಯಲ್ಲಿ ಬಯಲಾಯಿತು. ಗುಂಡಿಯ ಕುಲುಕಿಗೆ ಸ್ಕ್ರೂ ಸಡಿಲವಾದಾಗ ಬಲ್ಬಿನ ಕರೆಂಟಿಗೆ ದಾರಿ ಸಾಲದೆ, ಅದೇ ಜಾಗಕ್ಕೆ ಕಟ್ಟಿದ್ದ ರಿಲೇಗೂ ಹಿಡಿದುಕೊಳ್ಳುವಷ್ಟು ವೋಲ್ಟೇಜು ಸಿಗುತ್ತಿರಲಿಲ್ಲ. ರಿಲೇ ಬಿಟ್ಟರೆ ಹೊರೆ ಇಳಿಯುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ಸ್ಕ್ರೂ ಪೂರಾ ಕಚ್ಚು ಬಿಟ್ಟರೆ ಕತ್ತಲು.

ಬಿಚ್ಚಿದಾಗ ಕಂಡದ್ದು

ಹೋಲ್ಡರ್ ಎಳೆದು ನೋಡಿದರೆ ಪ್ಲಾಸ್ಟಿಕ್ಕು ಕರಗಿ ಕಂದುಬಣ್ಣ. ಎರಡು 60 ವಾಟಿನ ಬಲ್ಬು ಸುಮಾರು 10 ಆಂಪಿಯರ್ ಎಳೆದರೆ, ಎರಡು 100 ವಾಟಿನವು ಹದಿನಾರು ಹದಿನೇಳು ಆಂಪಿಯರ್ ಎಳೆಯುತ್ತವೆ. ಆ ಕಾವು ಹೋಲ್ಡರಿಗೂ ತಡೆಯದು, ಲೈಟಿನೊಳಗಿನ ಹೊಳಪಿಗೂ ತಡೆಯದು. ಇನ್ನೂ ಗಾಬರಿಯ ಸಂಗತಿ ಎಂದರೆ ಬ್ಯಾಟರಿಯಿಂದ ಹೊರಟ ದಪ್ಪ ವೈರಿಗೆ ಫ್ಯೂಸೇ ಇರಲಿಲ್ಲ. ಅದು ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದ್ದರೆ ಲೈಟಲ್ಲ, ಗಾಡಿಯೇ ಹೊತ್ತಿಕೊಳ್ಳುತ್ತಿತ್ತು.

ರಿಪೇರಿ ಸರಳ. ತಗಡನ್ನು ಉಪ್ಪು ಕಾಗದದಿಂದ ಬೆಳ್ಳಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸು. ಎರಡೂ ಲೈಟಿನಿಂದ ಬ್ಯಾಟರಿಯ ಮೈನಸ್‌ಗೆ ನೇರವಾಗಿ, ಲೈವ್ ವೈರಿನಷ್ಟೇ ದಪ್ಪದ ಅರ್ತ್ ವೈರು. ರಿಲೇಗಳಿಗೆ ಬೇರೆ ಅರ್ತು. ಬ್ಯಾಟರಿಯಿಂದ ಗೇಣುದ್ದದ ಒಳಗೇ 15 ಆಂಪಿಯರ್ ಫ್ಯೂಸು. ನೀರು ನಿಲ್ಲದಂತೆ ರಿಲೇಯ ಕಾಲು ಕೆಳಮುಖ. ಹೊಸ ಹೋಲ್ಡರು. ಬಲ್ಬು? ಮತ್ತೆ ಅದೇ 60/55!

ಮೀಟರ್ ಇಟ್ಟರೆ ಹೋಲ್ಡರಿನಲ್ಲಿ 13.5 ವೋಲ್ಟು. ಗೋಡೆಯ ಮೇಲೆ ಬಿದ್ದ ಬೆಳಕು ನೋಡಿ ಮಾಲೀಕ ಸುಮ್ಮನೆ ನಿಂತ.

ಕಿಟ್ ಕೊಳ್ಳುವ ಇತರರಿಗೆ ಮೇಸ್ತ್ರಿಯ ಇನ್ನೊಂದು ಮಾತು: ಕೆಲವು ಗಾಡಿಗಳಲ್ಲಿ, ಅದರಲ್ಲೂ ಜಪಾನಿ ವಿನ್ಯಾಸದ ಹಲವದರಲ್ಲಿ, ಡಿಮ್ ಸ್ವಿಚ್ಚು ಕೆಲಸ ಮಾಡುವುದೇ ಅರ್ತ್ ಕಡೆಯಿಂದ. ಅಂಥವಕ್ಕೆ ಮಾಮೂಲಿ ಕಿಟ್ ಸಿಕ್ಕಿಸಿದರೆ ಹೈಬೀಮ್ ಸೂಚನೆಯ ನೀಲಿ ದೀಪ ಎಡವಟ್ಟು ಮಾಡಬಹುದು, ಡಿಮ್ಮು ಹೈಬೀಮು ಒಂದಕ್ಕೊಂದು ಸಿಕ್ಕಿಕೊಳ್ಳಬಹುದು. ಟೆಸ್ಟ್ ಲ್ಯಾಂಪ್ ಹಿಡಿದು ಮೊದಲೇ ನೋಡಿಕೊಂಡರೆ ಆಮೇಲೆ ಬಲ್ಬಿಗೆ ಬೈಯುವುದು ತಪ್ಪುತ್ತದೆ.

ಎದುರಿನವರ ಕಣ್ಣು

ಲೈಟು ಸರಿಯಾದರೆ ಮುಗಿಯಲಿಲ್ಲ. ಹಿಂದೆ ಲೋಡು ಬಿದ್ದಾಗ ಪಿಕಪ್‌ನ ಮೂತಿ ಮೇಲೇಳುತ್ತದೆ, ಬೆಳಕು ಎದುರು ಬಸ್ಸಿನ ಡ್ರೈವರ್ ಕಣ್ಣಿಗೇ ನುಗ್ಗುತ್ತದೆ. ಬಸ್ಸಿನಲ್ಲಿ ಕೂತವರೆಲ್ಲರ ಜೀವ ಆ ಎರಡು ಕಣ್ಣಿನ ಮೇಲೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ಲೈಟಿನ ಕಿರಣ ಕೆಳಕ್ಕೆ ಬಾಗಿರಬೇಕು. 8 ಮೀಟರ್ ಮುಂದೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದು. ನೂರು ವಾಟಿನ ಬಲ್ಬು ಹಾಕಿ ಮೂತಿ ಎತ್ತಿಕೊಂಡು ಓಡುವ ಗಾಡಿಗಳು ಈ ಮಾತನ್ನು ಎಂದಾದರೂ ಕೇಳಿವೆಯೇ?

ಮೇಸ್ತ್ರಿ ಲೋಡು ಹಾಕಿಸಿಯೇ ಲೈಟು ಕೂರಿಸಿದರು. ಸಮತಟ್ಟು ನೆಲ, ಎದುರಿಗೆ ಗೋಡೆ. 10 ಮೀಟರ್ ದೂರಕ್ಕೆ ಡಿಮ್ ಬೆಳಕಿನ ಮೇಲಂಚು ಲೈಟಿನ ನಡುಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ.

ಹೊರಡುವಾಗ ಮಾಲೀಕ ತೆಗೆದಿಟ್ಟ ನೂರು ವಾಟಿನ ಬಲ್ಬುಗಳನ್ನು ಕೈಯಲ್ಲಿ ಹಿಡಿದು ಕೇಳಿದ:

“ಇದನ್ನೇನ್ ಮಾಡ್ಲಿ ಮೇಸ್ತ್ರಿ?”

“ಮನೇಲಿ ಇಟ್ಕೋ ಅಣ್ಣ. ಇನ್ನೊಂದ್ಸಲ ಅರ್ತ್ ನೋಡ್ದೆ ಬಲ್ಬ್ ತಗೊಳಕ್ಕೆ ಹೊರಟಾಗ ಒಂದ್ಸಲ ನೋಡು.”